ಜ್ವರದ ರಕ್ತಪರೀಕ್ಷೆ: ಬೋರ್ಡು ಇಳಿಸಿದ್ದೇಕೆ

ಮಾನ್ಯ ಗ್ರಾಹಕರೇ, ನಮಸ್ಕಾರ.

ಹನುಮಂತನಗರದ ನಮ್ಮ ಲ್ಯಾಬಿಗೆ ವರ್ಷಗಳಿಂದ ಬರುತ್ತಿರುವವರಿಗೆ ಕೌಂಟರಿನ ಹಿಂದಿನ ಗೋಡೆ ಈಗ ಬೋಳಾಗಿ ಕಾಣುತ್ತಿರಬೇಕು. ಅಲ್ಲಿದ್ದ ‘ಫೀವರ್ ಪ್ಯಾಕೇಜ್, ಅರ್ಧ ಗಂಟೆಯಲ್ಲಿ ರಿಪೋರ್ಟ್’ ಬೋರ್ಡನ್ನು ಕಳೆದ ವಾರ ಇಳಿಸಿದೆವು. ಮಳೆಗಾಲ ಬಂತು, ಜ್ವರದವರು ಸಾಲು ನಿಲ್ಲುವ ಹೊತ್ತು, ಈಗಲೇ ಯಾಕೆ ಎಂದು ಹಲವರು ಕೇಳಿದ್ದೀರಿ. ಒಬ್ಬೊಬ್ಬರಿಗೂ ಕೌಂಟರಿನಲ್ಲಿ ನಿಂತು ಹೇಳುವಷ್ಟು ಪುರುಸೊತ್ತು ಸಿಗುತ್ತಿಲ್ಲ, ಅದಕ್ಕೇ ಈ ಪತ್ರ.

ಹೋದ ವರ್ಷ ಗಣೇಶನ ಹಬ್ಬ ಕಳೆದ ಮೇಲೆ ಗಾಂಧಿ ಬಜಾರಿನಲ್ಲಿ ಹೂ ಕಟ್ಟಿ ಮಾರುವ ಒಬ್ಬ ತಾಯಿ ಬಂದಿದ್ದರು. ಎರಡು ದಿನದ ಜ್ವರ, ಮೈಕೈ ನೋವು. ಕಾರ್ಡ್ ಟೆಸ್ಟ್ (ಹನಿ ರಕ್ತ ಬಿಟ್ಟು ಗೆರೆ ಮೂಡುತ್ತದೆಯೇ ಎಂದು ನೋಡುವ ಪರೀಕ್ಷೆ) ಮಾಡಿ ‘ಡೆಂಗಿ ನೆಗೆಟಿವ್’ ಎಂದು ಬರೆದುಕೊಟ್ಟೆವು. ಪ್ಯಾಕೇಜಿನಲ್ಲಿದ್ದ ವಿಡಾಲ್ (ಟೈಫಾಯ್ಡಿನ ರಕ್ತಪರೀಕ್ಷೆ) ಸ್ವಲ್ಪ ಏರಿತ್ತು, ಅದನ್ನೂ ಬರೆದೆವು. ಅದರ ಮೇಲೆ ಆಕೆಗೆ ಟೈಫಾಯ್ಡ್ ಮಾತ್ರೆ ಶುರುವಾಯಿತು. ಮೂರು ವಾರದ ಮೇಲೆ ಮತ್ತೆ ಬಂದವರು ಮಾತಾಡುವ ಮೊದಲು ಎರಡೂ ಕೈಯನ್ನು ಕೌಂಟರಿನ ಮೇಲಿಟ್ಟರು. ಬೆರಳ ಗೆಣ್ಣುಗಳು ಊದಿದ್ದವು. “ಬೆಳಗ್ಗೆ ಎದ್ರೆ ಮುಷ್ಟಿ ಕಟ್ಟಕ್ಕಾಗಲ್ಲ ಸಾರ್. ದಾರ ಸುತ್ತಿದ್ರೆ ಬಿಗಿ ಬರಲ್ಲ, ಹೂವೆಲ್ಲ ಜಾರಿಹೋಗುತ್ತೆ” ಎಂದರು. ಆಗ ಚಿಕುನ್‌ಗುನ್ಯದ ಐಜಿಎಂ (ಸೋಂಕಿನ ವಿರುದ್ಧ ಮೈ ಮೊದಲು ಹುಟ್ಟಿಸುವ ಪ್ರತಿಕಾಯ) ಪರೀಕ್ಷೆ ಮಾಡಿದೆವು. ಪಾಸಿಟಿವ್.

ಮೊದಲ ರಿಪೋರ್ಟಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಆ ದಿನ ನಾವು ಚಿಕುನ್‌ಗುನ್ಯವನ್ನು ಹುಡುಕಿಯೇ ಇರಲಿಲ್ಲ. ಅದಕ್ಕೆ ಬೇರೆ ಔಷಧಿ ಇಲ್ಲ, ನಿಜ. ಆದರೂ ಬೇಡದ ಆಂಟಿಬಯಾಟಿಕ್ ನುಂಗುವುದಾದರೂ ತಪ್ಪುತ್ತಿತ್ತು.

ಡೆಂಗಿ, ಚಿಕುನ್‌ಗುನ್ಯ, ಝೀಕಾ ಈ ಮೂರನ್ನೂ ಮುಖ್ಯವಾಗಿ ಹೊತ್ತು ತಿರುಗುವುದು ಒಂದೇ ಸೊಳ್ಳೆ, ಈಡಿಸ್ ಈಜಿಪ್ಟೈ. ಇದು ಹೆಚ್ಚಾಗಿ ಹಗಲಲ್ಲಿ ಕಚ್ಚುತ್ತದೆ. ಸಂಪು, ನೀರಿನ ಡ್ರಮ್ಮು, ಹೂಕುಂಡದ ಕೆಳಗಿನ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ, ಇಲ್ಲೆಲ್ಲ ಅದರ ಸಂಸಾರ. ಮೊದಲ ಎರಡು ಮೂರು ದಿನ ಮೂರೂ ಜ್ವರ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ನಮ್ಮ ಊರಿನಲ್ಲಿ ಡೆಂಗಿಯ ಹೆಸರು ದೊಡ್ಡದಾಗಿರುವುದರಿಂದ ಉಳಿದವನ್ನು ಕೇಳುವವರು ಕಡಿಮೆ. 2006ರಲ್ಲಿ ಚಿಕುನ್‌ಗುನ್ಯ ರಾಜ್ಯವನ್ನೆಲ್ಲ ಹಣ್ಣು ಮಾಡಿದ್ದು ಹಿರಿಯರಿಗೆ ನೆನಪಿರುತ್ತದೆ. (ಇವತ್ತಿಗೂ ‘ಚಿಕನ್ ಗುನ್ಯ’ ಎಂದು ಕೋಳಿ ಬಿಡುವವರಿದ್ದಾರೆ. ಕೋಳಿಗೂ ಅದಕ್ಕೂ ಸಂಬಂಧವಿಲ್ಲ. ಆಫ್ರಿಕಾದ ಮಕೊಂಡೆ ಭಾಷೆಯಲ್ಲಿ ನೋವಿಗೆ ಮೈ ಬಾಗಿಹೋಗುವುದಕ್ಕೆ ಇರುವ ಮಾತದು.)

ಇನ್ನು ಬದಲಾವಣೆಯ ವಿಷಯ. ರಕ್ತ ಕೊಡುವ ಮೊದಲು ನಿಮ್ಮ ಕೈಗೊಂದು ಹಳದಿ ಚೀಟಿ ಬರುತ್ತದೆ. ಜ್ವರ ಶುರುವಾದದ್ದು ಯಾವ ತಾರೀಕು ಎಂಬುದೇ ಅದರ ಮೊದಲ ಪ್ರಶ್ನೆ. “ಒಂದ್ ನಾಲ್ಕೈದು ದಿನ ಆಯ್ತು” ಎಂದರೆ ನಮ್ಮ ಹುಡುಗಿ ಬಿಡುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಪರೀಕ್ಷೆಯ ಆಯ್ಕೆ ನಿಂತಿರುವುದೇ ಆ ತಾರೀಕಿನ ಮೇಲೆ. ಜ್ವರದ ಮೊದಲ ಐದು ದಿನ ರಕ್ತದಲ್ಲಿ ವೈರಸ್ಸೇ ಇರುತ್ತದೆ, ಆಗ ಡೆಂಗಿಗೆ ಎನ್‌ಎಸ್‌1 (ವೈರಸ್ಸಿನದೇ ಒಂದು ಪ್ರೋಟೀನನ್ನು ಹುಡುಕುವ ಪರೀಕ್ಷೆ), ಚಿಕುನ್‌ಗುನ್ಯಕ್ಕೆ ಪಿಸಿಆರ್ (ವೈರಸ್ಸಿನ ವಂಶವಾಹಿಯನ್ನು ಹುಡುಕುವ ಪರೀಕ್ಷೆ). ಐದು ದಿನ ದಾಟಿತೆಂದರೆ ವೈರಸ್ ಇಳಿದು ಐಜಿಎಂ ಏರುತ್ತದೆ. ಎರಡನೇ ದಿನ ಬಂದು ಐಜಿಎಂ ಮಾಡಿಸಿ ‘ಏನೂ ಇಲ್ಲ’ ಎಂದು ಹೋದವರು ನಮ್ಮಲ್ಲೇ ಎಷ್ಟೋ ಜನ. ಅವರ ದುಡ್ಡು ತೆಗೆದುಕೊಂಡವರು ನಾವೇ.

ಡೆಂಗಿಗೆ ಇನ್ನು ಮೇಲೆ ಕಾರ್ಡ್ ಟೆಸ್ಟ್ ಒಂದನ್ನೇ ನಂಬಿ ರಿಪೋರ್ಟ್ ಕೊಡುವುದಿಲ್ಲ, ಎಲೈಸಾ ಮಾಡುತ್ತೇವೆ. ಇದಕ್ಕೆ ಸಮಯ ಬೇಕು. 96 ಗುಳಿಗಳ ಪ್ಲಾಸ್ಟಿಕ್ ಪ್ಲೇಟು, ಪ್ರತಿ ಸಲವೂ ಕೆಲವು ಗುಳಿಗಳು ಕಂಟ್ರೋಲ್‌ಗೇ (ಪರೀಕ್ಷೆ ಸರಿಯಾಗಿ ನಡೆದಿದೆಯೇ ಎಂದು ನೋಡುವ ಮಾದರಿಗೆ) ಮೀಸಲು. ಹಾಗಾಗಿ ದಿನದ ರಕ್ತವನ್ನೆಲ್ಲ ಸೇರಿಸಿ ಸಂಜೆ ಒಂದೇ ಸಲ ಹಾಕುತ್ತೇವೆ. ವೈರಸ್ಸಿನ ಗುರುತು ಇರುವ ಗುಳಿ ನೀಲಿಗೆ ತಿರುಗುತ್ತದೆ, ಕೊನೆಗೆ ಆಸಿಡ್ ಬಿಟ್ಟರೆ ಹಳದಿ. ಆ ಹಳದಿ ಎಷ್ಟು ದಟ್ಟ ಎಂಬುದನ್ನು ಯಂತ್ರ ಅಳೆಯುತ್ತದೆ, ಕಾರ್ಡಿನ ಮಸುಕು ಗೆರೆಯನ್ನು ಕಣ್ಣರಳಿಸಿ ನೋಡಿ ಹೌದೋ ಅಲ್ಲವೋ ಎನ್ನುವ ಪಾಡಿಲ್ಲ. ರಿಪೋರ್ಟು ಮರುದಿನ ಬೆಳಗ್ಗೆ. ಪ್ಲೇಟ್‌ಲೆಟ್ ಎಣಿಕೆ ಮತ್ತು ಮಲೇರಿಯಾ ಸ್ಮಿಯರ್ ಮೊದಲಿನಂತೆ ಅದೇ ದಿನ ಸಿಗುತ್ತವೆ. ವಿಡಾಲನ್ನು ಪ್ಯಾಕೇಜಿನಿಂದ ತೆಗೆದಿದ್ದೇವೆ. ಒಂದೇ ಒಂದು ವಿಡಾಲ್ ನೋಡಿ ಟೈಫಾಯ್ಡ್ ಎನ್ನುವುದು ನಮಗೆ ಯಾವತ್ತೂ ಒಪ್ಪಿಗೆಯಾಗಿರಲಿಲ್ಲ, ಆದರೂ ಮಾಡುತ್ತಿದ್ದೆವು.

ರಿಪೋರ್ಟಿನ ಮಾತೂ ಬೇರೆಯಾಗಿದೆ. ‘ಡೆಂಗಿ ಇಲ್ಲ’ ಎಂಬುದರ ಜಾಗದಲ್ಲಿ ‘ಜ್ವರದ ಇಷ್ಟನೇ ದಿನದ ರಕ್ತದಲ್ಲಿ ಪತ್ತೆಯಾಗಿಲ್ಲ’ ಎಂದಿರುತ್ತದೆ. ಹಿಂದೊಮ್ಮೆ ಡೆಂಗಿ ಬಂದು ಹೋದವರಲ್ಲಿ ಎನ್‌ಎಸ್‌1 ಕೈಕೊಡುವುದು ಹೆಚ್ಚು. ಐಜಿಎಂ ಪಾಸಿಟಿವ್ ಬಂದವರಿಗೂ ಒಂದು ಸಾಲು ಸೇರಿಸಿದ್ದೇವೆ. ಡೆಂಗಿ, ಝೀಕಾ, ಮೆದುಳು ಜ್ವರದ (ಜಪಾನೀಸ್ ಎನ್ಸೆಫಲೈಟಿಸ್) ವೈರಸ್ಸುಗಳು ದಾಯಾದಿಗಳು. ಒಂದಕ್ಕೆ ಹುಟ್ಟಿದ ಐಜಿಎಂ ಇನ್ನೊಂದರ ಕಿಟ್ಟಿನಲ್ಲೂ ಬಣ್ಣ ತೋರಿಸಬಹುದು. ಚಿಕುನ್‌ಗುನ್ಯದ ಐಜಿಎಂ ತಿಂಗಳುಗಟ್ಟಲೆ ಉಳಿಯುವುದರಿಂದ ಹಳೆಯ ಜ್ವರದ ನೆರಳೂ ಇರಬಹುದು. ಆದ್ದರಿಂದ ರಿಪೋರ್ಟನ್ನು ಡಾಕ್ಟರಿಗೆ ತೋರಿಸದೆ ಫೋಟೋ ಹೊಡೆದು ಫ್ಯಾಮಿಲಿ ಗ್ರೂಪಿಗೆ ಹಾಕಿ ತೀರ್ಮಾನ ಮಾಡಬೇಡಿ.

ಮೊದಲ ಸಲ ಏನೂ ಸಿಗದೆ ಜ್ವರವೋ ಕೀಲುನೋವೋ ಮುಂದುವರಿದರೆ ಒಂದು ವಾರ ಕಳೆದು ಮತ್ತೆ ಬನ್ನಿ. ಮೊದಲ ಸಲದ ಸೀರಂ (ರಕ್ತದ ತಿಳಿ) ಫ್ರೀಜರಿನಲ್ಲಿ ಇಟ್ಟಿರುತ್ತೇವೆ, ಎರಡನ್ನೂ ಒಂದೇ ಪ್ಲೇಟಿನಲ್ಲಿ ಹಾಕಿ ನೋಡುತ್ತೇವೆ. ಈ ಎರಡನೇ ಐಜಿಎಂಗೆ ಹಣ ತೆಗೆದುಕೊಳ್ಳುವುದಿಲ್ಲ.

ದರದ ಮಾತು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿ ಎನ್‌ಎಸ್‌1 ಎಲೈಸಾಗೆ 300 ರೂಪಾಯಿ, ಐಜಿಎಂ ಎಲೈಸಾಗೆ 300 ರೂಪಾಯಿ ಎಂದು ಗರಿಷ್ಠ ದರ ಗೊತ್ತುಮಾಡಿತು. ನಾವು ಅದನ್ನು ಮೀರುವುದಿಲ್ಲ. ಚಿಕುನ್‌ಗುನ್ಯ ಪಿಸಿಆರ್ ಮಾಡುವ ಯಂತ್ರ ನಮ್ಮಲ್ಲಿಲ್ಲ, ದೊಡ್ಡ ಲ್ಯಾಬಿಗೆ ಕಳಿಸಬೇಕು, ದುಬಾರಿಯೇ. ಡಾಕ್ಟರ ಚೀಟಿ ಇದ್ದರೆ ಮಾತ್ರ ತೆಗೆದುಕೊಳ್ಳುತ್ತೇವೆ.

ಝೀಕಾ ಮಾಡುತ್ತೀರಾ ಎಂದು ಕೇಳುವವರಲ್ಲಿ ಗರ್ಭಿಣಿಯರೇ ಹೆಚ್ಚು. 2022ರ ಡಿಸೆಂಬರಿನಲ್ಲಿ ರಾಯಚೂರಿನ ಮಗುವೊಂದರಲ್ಲಿ, ಮರುವರ್ಷ ಬೆಂಗಳೂರಿನ ಪಕ್ಕದ ಚಿಕ್ಕಬಳ್ಳಾಪುರದ ಸೊಳ್ಳೆಗಳಲ್ಲಿ ಅದು ಪತ್ತೆಯಾದ ಮೇಲೆ ಈ ಆತಂಕ ಸಹಜ. ಹೊಟ್ಟೆಯಲ್ಲಿರುವ ಮಗುವಿನ ಮೆದುಳಿಗೆ ಪೆಟ್ಟು ಕೊಡುವ ವೈರಸ್ ಅದು. ನಾವು ಮಾಡುವುದಿಲ್ಲ. ಅದಕ್ಕೆ ರಕ್ತದ ಜೊತೆ ಮೂತ್ರವನ್ನೂ ನೋಡಬೇಕು, ಏಕೆಂದರೆ ವೈರಸ್ ಮೂತ್ರದಲ್ಲಿ ಹೆಚ್ಚು ದಿನ ಸಿಗುತ್ತದೆ. ಗರ್ಭಿಣಿಯರಿಗೆ ಜ್ವರ, ಮೈಮೇಲೆ ದದ್ದು, ಕಣ್ಣು ಕೆಂಪು ಕಂಡರೆ ನಮ್ಮಲ್ಲಿಗೆ ಬಂದು ಹೊತ್ತು ಕಳೆಯದೆ ಹೆರಿಗೆ ಡಾಕ್ಟರನ್ನು ಕಾಣಿ, ಸರ್ಕಾರಿ ವ್ಯವಸ್ಥೆಯ ಮೂಲಕ ಮಾದರಿ ಕಳಿಸುವ ದಾರಿ ಅವರಿಗೆ ಗೊತ್ತು.

ಚೀಟಿಯ ಕೊನೆಯ ಪ್ರಶ್ನೆ ‘ಎರಡು ವಾರದೊಳಗೆ ಊರಿಗೆ ಹೋಗಿದ್ದಿರಾ’ ಎಂಬುದು. ಕುತೂಹಲಕ್ಕಲ್ಲ. ಮೆದುಳು ಜ್ವರ ಹರಡುವುದು ಗದ್ದೆ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ, ಹಂದಿ ಮತ್ತು ನೀರುಹಕ್ಕಿಗಳಿಂದ ಅದಕ್ಕೆ ಅಂಟುತ್ತದೆ. ಶಿವಮೊಗ್ಗ ಕಡೆ ಕಾಡಿಗೆ ಹೋಗಿ ಬಂದವರಿಗೆ ಮಂಗನ ಕಾಯಿಲೆಯ ಯೋಚನೆ ಬೇಕು, ಅದು ಸೊಳ್ಳೆಯಿಂದಲ್ಲ, ಉಣುಗಿನಿಂದ (ಉಣ್ಣೆ ಹುಳ). ಇವೆರಡೂ ನಮ್ಮ ಕೈಯಲ್ಲಿ ಆಗುವ ಪರೀಕ್ಷೆಗಳಲ್ಲ, ಆದರೆ ನಿಮ್ಮ ಉತ್ತರ ರಿಪೋರ್ಟಿನ ಮೇಲಿದ್ದರೆ ಡಾಕ್ಟರಿಗೆ ದಾರಿ ಸಿಗುತ್ತದೆ. ಜ್ವರದ ಜೊತೆ ಮಾತು ತೊದಲಿದರೆ, ಫಿಟ್ಸ್ ಬಂದರೆ, ಅಥವಾ ಜ್ವರ ಇಳಿಯುವ ಹೊತ್ತಿಗೆ ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ನೇರ ಆಸ್ಪತ್ರೆಗೆ ಹೋಗಿ. ಡೆಂಗಿ ಅಲ್ಲವೆಂದು ಗೊತ್ತಾಗುವವರೆಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ.

ಸಂಜೆ ಐದರೊಳಗೆ ಕೊಟ್ಟ ರಕ್ತ ಅವತ್ತಿನ ಪ್ಲೇಟಿಗೆ, ಆಮೇಲಿನದು ಮರುದಿನಕ್ಕೆ. ಭಾನುವಾರ ಎಲೈಸಾ ಇಲ್ಲ. ಬರುವಾಗ ಹಳೆಯ ಜ್ವರದ ರಿಪೋರ್ಟುಗಳಿದ್ದರೆ ತನ್ನಿ, ಹೋದ ವರ್ಷದ ನಮ್ಮದೇ ರಿಪೋರ್ಟಾದರೂ ಸರಿ.

ಇಂತಿ,
ಲ್ಯಾಬಿನ ಎಲ್ಲರ ಪರವಾಗಿ