ಕಥೆಯನ್ನು ಜಿಂಜರ್ ಹೇಳಬೇಕಿತ್ತು

ಪುಟ್ಟಿ,

ನೀನು ಬಿಟ್ಟುಹೋಗಿದ್ದ 'ಬ್ಲ್ಯಾಕ್ ಬ್ಯೂಟಿ' ಓದಿ ಮುಗಿಸಿದೆ. ನಿನಗೆ ಅಷ್ಟು ಇಷ್ಟವಾದ ಪುಸ್ತಕ, ಅದಕ್ಕೇ ಫೋನಿನಲ್ಲಿ ಗಡಿಬಿಡಿಯಲ್ಲಿ ಹೇಳುವುದು ಬೇಡ ಅನ್ನಿಸಿತು. ನನಗೆ ನಿರಾಸೆ ಆಯಿತು.

ಆಸೆ ಇಟ್ಟುಕೊಂಡೇ ಶುರು ಮಾಡಿದ್ದೆ. ನಾನು ಚಿಕ್ಕವಳಿದ್ದಾಗ ದಾವಣಗೆರೆ ಸ್ಟೇಷನ್ ಹತ್ತಿರ ಜಟಕಾ ಗಾಡಿಗಳು ನಿಲ್ಲುತ್ತಿದ್ದವು, ಕಣ್ಣಿನ ಪಕ್ಕಕ್ಕೆ ಪಟ್ಟಿ ಕಟ್ಟಿಸಿಕೊಂಡು ಬಿಸಿಲಲ್ಲಿ ನಿಂತಿರುತ್ತಿದ್ದ ಆ ಕುದುರೆಗಳ ಮನಸ್ಸಲ್ಲಿ ಏನಿರಬಹುದು ಅಂತ ನೋಡುತ್ತಾ ನಿಲ್ಲುತ್ತಿದ್ದೆ. ಕುದುರೆಯೇ ತನ್ನ ಕಥೆ ಹೇಳುತ್ತದೆ ಅಂದರೆ ಬಿಡುತ್ತೀನಾ?

ಆದರೆ ಕಥೆ ಮುಂದಕ್ಕೇ ಹೋಗುವುದಿಲ್ಲ. ಹುಲ್ಲುಗಾವಲು, ತಾಯಿಯ ಬುದ್ಧಿಮಾತು, ಪಳಗಿಸುವುದು, ಒಳ್ಳೆಯ ಯಜಮಾನ. ಲಾಯಕ್ಕೆ ಬೆಂಕಿ ಬಿದ್ದಾಗ, ಪ್ರವಾಹದ ರಾತ್ರಿ ಮುರಿದ ಸೇತುವೆ ದಾಟಲು ಅದು ಒಪ್ಪದೆ ನಿಂತಾಗ ಎದ್ದು ಕೂತೆ. ಅಷ್ಟರಲ್ಲಿ ಮತ್ತೆ ಯಾರೋ ಬಂದು ಕುದುರೆಯನ್ನು ಹೇಗೆ ನೋಡಿಕೊಳ್ಳಬೇಕು ಅಂತ ಪಾಠ ಶುರು. ಹೀಗೇ 49 ಅಧ್ಯಾಯ!

ಕಾರಣ ಇದೆ, ಗೊತ್ತು. ಆನಾ ಸ್ಯೂವೆಲ್ ಇದನ್ನು ಬರೆದದ್ದು ಮಕ್ಕಳಿಗಲ್ಲ, ಕುದುರೆಗಳ ಜೊತೆ ಕೆಲಸ ಮಾಡುವವರಿಗೆ. 14ನೇ ವಯಸ್ಸಿನಲ್ಲಿ ಬಿದ್ದು ಕಾಲಿಗೆ ಪೆಟ್ಟಾಗಿ, ಆಮೇಲೆ ಜೀವನಪೂರ್ತಿ ಓಡಾಟಕ್ಕೆ ಕುದುರೆಗಾಡಿಯನ್ನೇ ನಂಬಿಕೊಂಡಿದ್ದ ಹೆಂಗಸು. ಹಾಸಿಗೆ ಹಿಡಿದಿದ್ದಾಗ ಅವರು ಚೀಟಿಗಳಲ್ಲಿ ಬರೆದದ್ದನ್ನು ತಾಯಿ ನಕಲು ಮಾಡಿಕೊಡುತ್ತಿದ್ದರಂತೆ. ಪುಸ್ತಕ ಬಂದದ್ದು 1877ರ ನವೆಂಬರ್‌ನಲ್ಲಿ, ಅವರು ತೀರಿಕೊಂಡದ್ದು ಮುಂದಿನ ಏಪ್ರಿಲ್‌ನಲ್ಲಿ. ಆ ತಾಯಿಯನ್ನು ನೆನೆದು ತುಂಬಾ ಹೊತ್ತು ಪುಸ್ತಕ ಮುಚ್ಚಿಟ್ಟಿದ್ದೆ. ಆದರೂ ಉದ್ದೇಶ ಒಳ್ಳೆಯದು ಅಂದಮಾತ್ರಕ್ಕೆ ಕಾದಂಬರಿ ನಮ್ಮನ್ನು ಹಿಡಿದು ಕೂರಿಸುವುದಿಲ್ಲ, ಅಲ್ವಾ?

ನನ್ನ ನಿಜವಾದ ತಕರಾರು ಕಥೆ ಹೇಳುವ ಕುದುರೆ ಬ್ಯೂಟಿಯ ಮೇಲೆ. ಅದಕ್ಕೆ ಏನಾದರೂ ಬೇಕು ಅಂತ ಹಟವೇ ಇಲ್ಲ. ಮಾರಿದರೆ ಹೋಗುತ್ತದೆ, ಹೊಡೆದರೆ ಸಹಿಸುತ್ತದೆ. ಜಿಂಜರ್ ಹಾಗಲ್ಲ. ಚಿಕ್ಕಂದಿನಿಂದ ಒರಟು ಕೈಗಳನ್ನೇ ಕಂಡ ಹೆಣ್ಣು ಕುದುರೆ ಅದು, ಕಚ್ಚುತ್ತದೆ, ಪ್ರೀತಿ ಸಿಕ್ಕಲ್ಲಿ ನಿಧಾನಕ್ಕೆ ಮೆತ್ತಗಾಗುತ್ತದೆ. ದೊಡ್ಡ ಮನೆಯ ಗಾಡಿಗೆ ಕಟ್ಟಿದಾಗ ಕುದುರೆ ಸದಾ ತಲೆ ಎತ್ತಿಕೊಂಡು ಚೆಂದ ಕಾಣಲಿ ಅಂತ ಲಗಾಮು ಮೇಲಕ್ಕೆ ಬಿಗಿಯುತ್ತಾರಲ್ಲ, ಏರು ಹತ್ತುವಾಗ ತಲೆ ತಗ್ಗಿಸಿ ಮೈಭಾರ ಹಾಕಿ ಎಳೆಯುವುದಕ್ಕೂ ಬಿಡದಂಥ ಬಿಗಿತ. ಬ್ಯೂಟಿ ನುಂಗಿಕೊಳ್ಳುತ್ತದೆ. ಜಿಂಜರ್ ಒದ್ದು ಬೀಳುತ್ತದೆ! ಆಮೇಲೆ ಲಂಡನ್ನಿನ ಬಾಡಿಗೆ ಗಾಡಿಗಳ ನಡುವೆ ಎಲುಬು ಕಾಣುವಂತಾಗಿ ಸಿಕ್ಕಾಗ, ಈಗ ಎದುರು ನಿಲ್ಲುವುದನ್ನೂ ಬಿಟ್ಟಿದ್ದೇನೆ, ಸಾವು ಬಂದರೆ ಸಾಕು ಅನ್ನುತ್ತದಲ್ಲ, ಅಲ್ಲಿ ಅತ್ತುಬಿಟ್ಟೆ. ಮುಂದೆ ಗಾಡಿಯಲ್ಲಿ ಸತ್ತ ಕುದುರೆಯೊಂದು ಹೋಗುತ್ತದೆ, ಅದು ಜಿಂಜರ್ ಇರಬೇಕು ಅಂತ ಬ್ಯೂಟಿ ಅಂದುಕೊಳ್ಳುತ್ತದೆ. ಅಷ್ಟೇ. ಪುಸ್ತಕದ ಜೀವವೇ ಅದು, ಅದಕ್ಕೆ ಇಷ್ಟೇ ಇಷ್ಟು ಜಾಗ. ಇಡೀ ಕಥೆಯನ್ನು ಜಿಂಜರ್ ಬಾಯಲ್ಲಿ ಹೇಳಿಸಿದ್ದರೆ ಒಂದೇ ರಾತ್ರಿಗೆ ಓದಿ ಮುಗಿಸುತ್ತಿದ್ದೆ.

ನೀನು ಇದನ್ನು ಮತ್ತೆ ಮತ್ತೆ ಓದಿದ್ದೀಯ. ನಿನಗೆ ಹಿಡಿಸಿದ್ದು ಬ್ಯೂಟಿಯ ಆ ತಾಳ್ಮೆಯೇನಾ? ಸುಮ್ನೆ ಕೇಳುತ್ತಿಲ್ಲ, ನಿಧಾನವಾಗಿ ಬರಿ.

ನಿನ್ನ ಅಮ್ಮ