ಬಿರುಕಿಗೆ ಸಿಮೆಂಟ್ ಮೆತ್ತಿದರೆ ಸಾಕೇ?

ಮಾನ್ಯ ಸಂಪಾದಕರೇ,

ಮುಂಬಯಿಯ ವಡಾಲದ ನಮ್ಮ ಸೊಸೈಟಿಯಲ್ಲಿ ಕಟ್ಟಡದ ಗೋಡೆ ಅಂಗಳಕ್ಕೆ ತಾಗುವಲ್ಲಿ ಒಂದು ಬಿರುಕಿದೆ. ಎರಡು ವರ್ಷದ ಹಿಂದೆ ಅದರಲ್ಲಿ ಒಂದು ರೂಪಾಯಿಯ ನಾಣ್ಯವೂ ತೂರುತ್ತಿರಲಿಲ್ಲ. ಈಗ ನನ್ನ ಕಿರುಬೆರಳು ಹೋಗುತ್ತದೆ. ಕಂಟ್ರಾಕ್ಟರ್ ಬಂದು ಸಿಮೆಂಟ್ ಮೆತ್ತಿ, ಬಣ್ಣ ಬಳಿದು ಹೋದರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಬಾಯಿ ಬಿಟ್ಟಿತು. ಅಂಗಳದ ಅಡಿಯ ಡ್ರೈನೇಜ್ ಪೈಪು ಎರಡು ಸಲ ಮುರಿಯಿತು.

ಕಟ್ಟಡ ನಿಂತಿರುವುದು ಬಂಡೆವರೆಗೆ ಇಳಿಸಿದ ಕಾಂಕ್ರೀಟ್ ಕಂಬಗಳ, ಅಂದರೆ ಪೈಲ್‌ಗಳ ಮೇಲೆ. ಅಂಗಳದ ಅಡಿಯಲ್ಲಿರುವುದು ತುಂಬಿದ ಮಣ್ಣು, ಅದರ ಕೆಳಗೆ ಖಾಡಿಯ (ಸಮುದ್ರದ ಹಿನ್ನೀರಿನ) ಮೆತ್ತನೆ ಜೇಡಿ. ಕಟ್ಟಡ ಅಲುಗದು, ಅಂಗಳ ಇಳಿಯುತ್ತದೆ. ಇಡೀ ನೆಲ ಒಂದೇ ಸಮ ಇಳಿದರೆ ಇಷ್ಟು ತೊಂದರೆ ಇಲ್ಲ. ಹತ್ತು ಹೆಜ್ಜೆಯೊಳಗೆ ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಮ್ಮಿ ಇಳಿದಾಗಲೇ ನೆಲ ಸೀಳುವುದು. ಮೆಕ್ಸಿಕೊ ನಗರದಲ್ಲಿ ಅಂತರ್ಜಲ ಎತ್ತಿ ಎತ್ತಿ, ಹಳೆಯ ಸರೋವರದ ಜೇಡಿ ಕುಗ್ಗಿ, ಕೆಲವೆಡೆ ನೆಲ ವರ್ಷಕ್ಕೆ ಸುಮಾರು 50 ಸೆಂ.ಮೀ. ಇಳಿದಿದೆ. ಅಲ್ಲೂ ಬೀದಿ, ಮನೆ ಸೀಳಿದ್ದು ಹೆಚ್ಚಾಗಿ ಗಟ್ಟಿ ನೆಲವೂ ಮೆತ್ತನೆ ಜೇಡಿಯೂ ಸೇರುವ ಅಂಚಿನಲ್ಲೇ.

ಮುಂಬಯಿಯಲ್ಲಿ ಇಂಥ ಅಂಚುಗಳಿಗೆ ಬರವೇ? ಏಳು ದ್ವೀಪಗಳ ನಡುವೆ ಮಣ್ಣು ತುಂಬಿ ಕಟ್ಟಿದ ಊರು ಇದು. 2025ರಲ್ಲಿ ಪ್ರಕಟವಾದ ಉಪಗ್ರಹ ರೇಡಾರ್ ಅಧ್ಯಯನವೊಂದು ಇಲ್ಲಿ ವರ್ಷಕ್ಕೆ 26.1 ಮಿ.ಮೀ.ವರೆಗೂ ಇಳಿತ ಕಂಡಿದೆ.

30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್, ಅಂದರೆ ಗಟ್ಟಿಮುಟ್ಟಾಗಿದೆಯೇ ಎಂಬ ತಪಾಸಣೆ, ಕಡ್ಡಾಯ. ನಮ್ಮಲ್ಲೂ ಆಯಿತು. ಪಿಲ್ಲರ್, ಬೀಮ್, ಟೆರೇಸು ಎಲ್ಲ ತಟ್ಟಿ ನೋಡಿದರು. ನೆಲ ಎಷ್ಟು ಇಳಿದಿದೆ ಅಂತ ಯಾರೂ ಅಳೆಯಲಿಲ್ಲ. ಆಡಿಟ್‌ನಲ್ಲಿ ಇದೂ ಸೇರಬೇಕು. ಪಾಲಿಕೆಯವರು ಉಪಗ್ರಹದ ಲೆಕ್ಕ, ತುಂಬಿದ ಮಣ್ಣಿನ ದಪ್ಪ, ಬೋರ್‌ವೆಲ್‌ಗಳ ನೀರಿನ ಮಟ್ಟ ಮೂರನ್ನೂ ಒಂದೇ ನಕ್ಷೆಯಲ್ಲಿಟ್ಟು, ವಾರ್ಡುವಾರು ಜನರಿಗೆ ತೋರಿಸಲಿ. ನಮ್ಮ ಇಸ್ರೊ, ನಾಸಾ ಸೇರಿ 2025ರ ಜುಲೈ 30ರಂದು ಹಾರಿಸಿದ, ನೆಲದ ಇಳಿತ ಅಳೆಯಬಲ್ಲ ನಿಸಾರ್ ರೇಡಾರ್ ಉಪಗ್ರಹ 12 ದಿನಕ್ಕೊಮ್ಮೆ ಇದೇ ನೆಲದ ಮೇಲೆ ಮತ್ತೆ ಹಾದುಹೋಗುತ್ತದೆ. ಅದನ್ನು ಬಳಸಿಕೊಳ್ಳದಿದ್ದರೆ ಹೇಗೆ?

ಹೋಟೆಲಿನಲ್ಲಿ ಹಗಲಿರುಳು ದುಡಿದು, ಊರಿನ ಗದ್ದೆ ಮಾರಿ ಕೊಂಡ ಮನೆಗಳಿವು. ಓದುಗರೇ, ನಿಮ್ಮಲ್ಲೂ ಬಿರುಕಿದ್ದರೆ ಸುಮ್ನೆ ಮುಚ್ಚಬೇಡಿ. ಅದರ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ, ತಾರೀಕು ಬರೆದಿಡಿ. ಗಾಜು ಒಡೆದರೆ ಬಿರುಕು ಇನ್ನೂ ಬೆಳೆಯುತ್ತಿದೆ ಎಂದರ್ಥ. ನಮ್ಮದು ಮೂರನೇ ವಾರಕ್ಕೆ ಒಡೆಯಿತು.

— ಸೊಸೈಟಿ ಕಮಿಟಿಯ ಒಬ್ಬ ಸದಸ್ಯ, ವಡಾಲ, ಮುಂಬಯಿ