ಅಳತೆಗೋಲು ಮಾಡಿದವರೇ ಅದನ್ನು ಸಾಲದು ಅಂದರು

ಪ್ರೀತಿಯ ಗೆಳೆಯ,

ನಮ್ಮ ಐಐಎಸ್‌ಸಿಯ ಸೂಪರ್‌ಕಂಪ್ಯೂಟರ್ ಪರಮ್ ಪ್ರವೇಗ 3.3 ಪೆಟಾಫ್ಲಾಪ್ ಅಂತ ಹೆಮ್ಮೆಯಿಂದ ಕಳಿಸಿದ್ದೆಯಲ್ಲ, ನೋಡಿದೆ. ಒಂದು ಪೆಟಾಫ್ಲಾಪ್ ಅಂದರೆ ಸೆಕೆಂಡಿಗೆ ಹತ್ತು ಕೋಟಿ ಕೋಟಿ ಲೆಕ್ಕ. ಇಂಥ ಅಂಕಿ ಕಂಡಾಗಲೆಲ್ಲ ನನಗೆ ನೆನಪಾಗುವವರು ಅದರ ಅಳತೆಗೋಲು ಮಾಡಿದ ಕಂಪ್ಯೂಟರ್ ವಿಜ್ಞಾನಿ, ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯದ ಜ್ಯಾಕ್ ಡೊಂಗಾರಾ. ಅವರ ಬಗ್ಗೆ ನಿನಗೆ ಹೇಳಲೇಬೇಕು, ಯಾಕೆಂದರೆ ಅವರೂ ನಿನ್ನ ಹಾಗೆ ಹೈಸ್ಕೂಲ್ ಮೇಷ್ಟ್ರಾಗಬೇಕು ಅಂತಲೇ ಓದಲು ಹೋದವರು.

ಹುಟ್ಟಿದ್ದು 1950ರಲ್ಲಿ, ಷಿಕಾಗೋದಲ್ಲಿ. ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರೊಬ್ಬರು, ಹತ್ತಿರದ ಆರ್ಗಾನ್ ಪ್ರಯೋಗಾಲಯದಲ್ಲಿ ಒಂದು ಸೆಮಿಸ್ಟರ್ ಇದ್ದು ಬಾ ಅಂದರಂತೆ. ಅಲ್ಲಿ ಮ್ಯಾಟ್ರಿಕ್ಸ್ (ಸಾಲು, ಕಂಬಗಳಲ್ಲಿ ಜೋಡಿಸಿದ ಸಂಖ್ಯೆಗಳ ಕೋಷ್ಟಕ) ಲೆಕ್ಕದ ಪ್ರೋಗ್ರಾಂಗಳ ರುಚಿ ಹತ್ತಿತು. ಆಮೇಲೆ ಬಿಡಲೇ ಇಲ್ಲ.

ಅವರು ಮಾಡಿದ್ದು ನೀನು ಬೋರ್ಡಿನ ಮೇಲೆ ಮಾಡಿಸುವ ಕೆಲಸವನ್ನೇ: ಒಂದು ಸಮೀಕರಣದಿಂದ ಇನ್ನೊಂದನ್ನು ಕಳೆದು ಎಕ್ಸ್, ವೈಗಳನ್ನು ಒಂದೊಂದಾಗಿ ತೆಗೆದುಹಾಕುವುದು. ಆದರೆ ಕಂಪ್ಯೂಟರ್‌ಗೆ ಗುಣಾಕಾರ ಕಷ್ಟವಲ್ಲ, ಸಂಖ್ಯೆಯನ್ನು ಮೆಮೊರಿಯಿಂದ ತರುವುದೇ ಕಷ್ಟ. ಅಡುಗೆ ನಡುವೆ ಒಗ್ಗರಣೆಗೆ ಬೇಕಾದ್ದನ್ನು ಒಂದೊಂದೇ ಅಟ್ಟದಿಂದ ಇಳಿಸುತ್ತಾ ಕೂತರೆ ಹೇಗೆ? ಅವರೂ ಸಂಗಡಿಗರೂ ಸೇರಿ ಬರೆದ ಲ್ಯಾಪ್ಯಾಕ್ ಎಂಬ ಪ್ರೋಗ್ರಾಂಗಳ ಸಂಗ್ರಹ, ಒಂದು ಕಂತೆ ಸಂಖ್ಯೆಗಳನ್ನು ಒಟ್ಟಿಗೆ ಹತ್ತಿರ ತಂದುಕೊಂಡು, ಅವುಗಳಿಂದ ಆಗುವ ಕೆಲಸವನ್ನೆಲ್ಲ ಮುಗಿಸಿಯೇ ವಾಪಸ್ ಇಡುತ್ತದೆ. ಪೈಥಾನ್‌ನಲ್ಲಿ (ಇದು ಪ್ರೋಗ್ರಾಂ ಬರೆಯುವ ಒಂದು ಭಾಷೆ) ನಾನು ಒಂದು ಸಾಲು ಬರೆದು ಸಮೀಕರಣ ಬಿಡಿಸಿದರೆ ಒಳಗೆ ಓಡುವುದು ಲ್ಯಾಪ್ಯಾಕ್‌ನದ್ದೇ ‘ಡಿಜಿಇಎಸ್‌ವಿ’ (DGESV) ಎಂಬ ಪ್ರೋಗ್ರಾಂ. ಹೆಸರು ಅಷ್ಟು ಮೊಟಕು ಯಾಕೆ ಗೊತ್ತೇ? ಅದನ್ನು ಬರೆದದ್ದು ಫೋರ್ಟ್ರಾನ್ ಭಾಷೆಯಲ್ಲಿ, ಹಳೆಯ ಫೋರ್ಟ್ರಾನ್‌ನಲ್ಲಿ ಹೆಸರಿಗೆ ಆರೇ ಅಕ್ಷರದ ಜಾಗ. ಆ ಹೆಸರು ಕಂಡರೆ ನನಗೆ ಈಗಲೂ ಖುಷಿ.

1979ರಲ್ಲಿ, ಲ್ಯಾಪ್ಯಾಕ್‌ಗೂ ಮುಂಚಿನ ಲಿನ್‌ಪ್ಯಾಕ್ ಎಂಬ ಪ್ರೋಗ್ರಾಂ ಸಂಗ್ರಹದ ಕೈಪಿಡಿಯ ಕೊನೆಯಲ್ಲಿ ಒಂದು ಪಟ್ಟಿ ಹಾಕಿದರು: 100 ಸಮೀಕರಣ ಬಿಡಿಸಲು 23 ಕಂಪ್ಯೂಟರ್‌ಗಳು ತೆಗೆದುಕೊಂಡ ಹೊತ್ತು. ಬಳಸುವವರಿಗೆ ಅಂದಾಜು ಸಿಗಲಿ ಅಂತ ಮಾಡಿದ್ದು ಅಷ್ಟೇ. ಅದೇ ಬೆಳೆದು 1993ರಿಂದ ಜೂನ್, ನವೆಂಬರ್‌ನಲ್ಲಿ ಬರುವ, ಜಗತ್ತಿನ ಅತಿ ವೇಗದ 500 ಕಂಪ್ಯೂಟರ್‌ಗಳ ಟಾಪ್500 ಪಟ್ಟಿಗೆ ಅಳತೆಗೋಲಾಯಿತು. ದೇಶದೇಶಗಳು ಅದರ ಮೇಲೆ ಪೈಪೋಟಿಗೆ ಬಿದ್ದವು.

ನಾನು ಅವರನ್ನು ಮೆಚ್ಚುವುದು ಇನ್ನೊಂದು ಕಾರಣಕ್ಕೆ. ಈ ಅಳತೆ ನಿಜವಾದ ಕೆಲಸಕ್ಕೆ ಹೊಂದುತ್ತಿಲ್ಲ ಅಂತ ಅವರೇ ಹೇಳಿ, ಇನ್ನೊಬ್ಬ ವಿಜ್ಞಾನಿ ಮೈಕ್ ಹೆರೂ ಜೊತೆ ಎಚ್‌ಪಿಸಿಜಿ ಅನ್ನುವ ಬೇರೆ ಪರೀಕ್ಷೆ ತಂದರು. ಇದರಲ್ಲಿ ಮ್ಯಾಟ್ರಿಕ್ಸ್ ತುಂಬಾ ಸೊನ್ನೆಗಳು, ಸಂಖ್ಯೆಗಳನ್ನು ಚದುರಿದ ಜಾಗಗಳಿಂದ ಹೆಕ್ಕಿ ತರಬೇಕು. 2022ರಲ್ಲಿ ಓಕ್ ರಿಡ್ಜ್‌ನ ಸೂಪರ್‌ಕಂಪ್ಯೂಟರ್ ಫ್ರಾಂಟಿಯರ್ ಹಳೆಯ ಪರೀಕ್ಷೆಯಲ್ಲಿ 1.1 ಎಕ್ಸಾಫ್ಲಾಪ್, ಅಂದರೆ 1,100 ಪೆಟಾಫ್ಲಾಪ್ ಮುಟ್ಟಿತು. ಹೊಸದರಲ್ಲಿ? ಸುಮಾರು 14 ಪೆಟಾಫ್ಲಾಪ್, ಅಂದರೆ ನೂರಕ್ಕೆ ಒಂದೂಕಾಲು ಪಾಲು! ಜೀವಮಾನದ ಹೆಸರು ತಂದುಕೊಟ್ಟ ಅಳತೆಗೋಲನ್ನು ಹೀಗೆ ತಾವೇ ಪರೀಕ್ಷೆಗೆ ಒಡ್ಡುವವರು ಎಷ್ಟು ಜನ ಸಿಕ್ಕಾರು? ಅದೇ ವರ್ಷ ಮಾರ್ಚ್‌ನಲ್ಲಿ ಡೊಂಗಾರಾ ಅವರಿಗೆ ಕಂಪ್ಯೂಟರ್ ವಿಜ್ಞಾನದ ಅತಿ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಪ್ರಕಟವಾದಾಗ ನಮ್ಮ ಮನೆಯವರಿಗೇ ಬಂದಷ್ಟು ಸಂತೋಷಪಟ್ಟೆ.

ದಸರಾ ರಜೆಗೆ ಮುಂಚೆ ಒಂದು ದಿನ ನಿನ್ನ ಶಾಲೆಗೆ ಬರುತ್ತೇನೆ. ಬೋರ್ಡಿನ ಮೇಲೆ ಮೂರು ಸಮೀಕರಣ ಬರೆದಿಡು, ಮಕ್ಕಳೇ ಬಿಡಿಸಲಿ. ಆಮೇಲೆ 100 ಇದ್ದರೆ ಎಷ್ಟು ಲೆಕ್ಕ ಹಾಕಬೇಕು ಅಂತ ಕೇಳೋಣ. ಉತ್ತರ ನಿನಗೆ ಮಾತ್ರ: ಹತ್ತಿರ ಹತ್ತಿರ 6.8 ಲಕ್ಷ.

ನಿನ್ನ ಗೆಳೆಯ